ಗಾಳಿ ಬಿಟ್ಟು ತೂಕ

ನನ್ನ ಷಡ್ಡಕರು ಫ್ರಾನ್ಸಿಗೆ ಹೋಗಿ ಒಂದು ವಾರ ಇದ್ದು ಬಂದರು. ಆ ಒಂದು ವಾರದ ವರ್ಣನೆಯನ್ನು ಅವರು ವಿಮಾನ ನಿಲ್ದಾಣದಿಂದ ಮನೆಗೆ ಬರುವ ಟ್ಯಾಕ್ಸಿಯಲ್ಲೇ ಆರಂಭಿಸಿದರು. ಮನೆ ಬಂತು, ಟ್ಯಾಕ್ಸಿ ಹೋಯಿತು, ಚಳಿಗಾಲ ಮುಗಿಯಿತು, ವರ್ಣನೆ ಮಾತ್ರ ಇನ್ನೂ ಮೊದಲನೆಯ ದಿನದ ಮಧ್ಯಾಹ್ನದಲ್ಲೇ ಇತ್ತು.

ಷಡ್ಡಕರು ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಈ ಸಂಬಂಧದಲ್ಲಿ ಪ್ರೀತಿ ಇರಲೇಬೇಕೆಂಬ ನಿಯಮವಿಲ್ಲ. ಹೋಲಿಕೆ ಮಾತ್ರ ತಪ್ಪಿದ್ದಲ್ಲ. ನಾನು ಮಾರ್ಕೆಟ್ಟಿನ ಮೂಲೆಯಲ್ಲಿ ಒಂದು ಕನ್ನಡಕದ ಅಂಗಡಿ ಇಟ್ಟಿದ್ದೇನೆ. ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅವರ ಸ್ಕೂಟರು ಮಾರ್ಕೆಟ್ಟಿನ ಬೀದಿಗೆ ತಿರುಗಿತೆಂದರೆ ಸಾಕು, ತಕ್ಕಡಿಯ ತಟ್ಟೆಯ ಕೆಳಗಿದ್ದ ಅಯಸ್ಕಾಂತಗಳು ಜೇಬು ಸೇರುತ್ತವೆ, ಕೂತವರು ಎದ್ದು ನಿಲ್ಲುತ್ತಾರೆ, ಯಾರೋ ಒಬ್ಬರು ತಂಪು ಪಾನೀಯ ತರಿಸುತ್ತಾರೆ. ಮನುಷ್ಯ ಪ್ರಾಮಾಣಿಕ. ಅದನ್ನು ಕುಡಿಯುವುದಿಲ್ಲ. ಬಾಟಲಿಯ ಮೇಲೆ ಬರೆದಷ್ಟು ಒಳಗಿದೆಯೇ ಎಂದು ಅಳೆದು ವಾಪಸು ಕೊಡುತ್ತಾರೆ.

ಹೊಸ ಎಲೆಕ್ಟ್ರಾನಿಕ್ ತಕ್ಕಡಿಗಳ ತರಬೇತಿಗೆಂದು ಇಲಾಖೆ ಅವರನ್ನು ಫ್ರಾನ್ಸಿಗೆ ಕಳಿಸಿತು. ಅಲ್ಲಿ ಅವರು ಬೆಳಿಗ್ಗೆ ಬಸ್ಸಿನಲ್ಲಿ ತರಬೇತಿಗೆ ಹೋದರು, ಸಂಜೆ ಅದೇ ಬಸ್ಸಿನಲ್ಲಿ ಹೋಟೆಲಿನ ಕೋಣೆಗೆ ಬಂದರು, ಅವರ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ಡಬ್ಬಿಯಲ್ಲಿ ತುಂಬಿಕೊಟ್ಟಿದ್ದ ತಿಂಡಿ ತಿಂದು ಮಲಗಿದರು. ಒಂದೇ ಒಂದು ಕೆಫೆಯ ಒಳಗೂ ಅವರು ಕಾಲಿಡಲಿಲ್ಲ. ಇದು ನಮಗೆ ಗೊತ್ತಾದದ್ದು ಬಹಳ ತಡವಾಗಿ. ಆದರೆ ಓದುವವರನ್ನು ಅಷ್ಟು ಹೊತ್ತು ಕಾಯಿಸುವುದು ಸರಿಯಲ್ಲವಾದ್ದರಿಂದ ಈಗಲೇ ಹೇಳಿಬಿಡುತ್ತೇನೆ.

ಇನ್ನೊಂದು ವಿಷಯವನ್ನೂ ಹೇಳಬೇಕು. ಕೊನೆಯ ದಿನ ತರಬೇತಿ ಕೊಟ್ಟ ಹೆಂಗಸು ಅವರ ಕೈಗೆ ಒಂದು ಕಾಗದದ ಪೊಟ್ಟಣ ಕೊಟ್ಟರು. ಅದರೊಳಗೆ ಒಂದು ಕ್ರೊಸಾನ್ ಇತ್ತು. ಬೆಣ್ಣೆ ಹಾಕಿ ಪದರ ಪದರವಾಗಿ ಮಡಚಿ, ಅರ್ಧಚಂದ್ರದ ಹಾಗೆ ಸುತ್ತಿ, ಉಬ್ಬಿಸಿ ಸುಡುವ ತಿನಿಸು ಅದು. ಷಡ್ಡಕರು ಪೊಟ್ಟಣವನ್ನು ಕೈಚೀಲದ ತಳಕ್ಕೆ ಹಾಕಿ, ಅದರ ಮೇಲೆ ಸಂಸ್ಥೆಯವರು ನೆನಪಿಗೆಂದು ಕೊಟ್ಟಿದ್ದ ಹಿತ್ತಾಳೆಯ ತೂಕದ ಕಲ್ಲುಗಳ ಪೆಟ್ಟಿಗೆಯನ್ನು ಇಟ್ಟರು. ವಿಮಾನ ಮೋಡಗಳನ್ನು ದಾಟಿದ ಮೇಲೆ ತೆಗೆದು ನೋಡಿದಾಗ ಕ್ರೊಸಾನ್ ಚಪ್ಪಲಿಯ ಅಟ್ಟೆಯಷ್ಟು ಗಟ್ಟಿಯಾಗಿ, ಅಷ್ಟೇ ಚಪ್ಪಟೆಯಾಗಿ ಇತ್ತು. ಅದಕ್ಕೂ ಮೊದಲು ಅವರು ಕ್ರೊಸಾನ್ ಕಂಡವರಲ್ಲ. ತಿಂದರು, ಮೆಚ್ಚಿದರು, ಕ್ರೊಸಾನ್ ಎಂದರೆ ಇದೇ ಎಂದು ತೀರ್ಮಾನಿಸಿದರು. ಅವರ ತೀರ್ಮಾನದ ಮೇಲೆ ಮೇಲ್ಮನವಿ ಇರುವುದಿಲ್ಲ.

ಬಸ್ಸಿನ ಕಿಟಕಿಯಿಂದ ಕಂಡದ್ದನ್ನು ಮಾತ್ರ ಅವರು ಬಿಡದೆ ನೋಡಿದ್ದರು.

“ಕೆಫೆಯಲ್ಲಿ ಕುರ್ಚಿಗಳೆಲ್ಲ ರಸ್ತೆ ಕಡೆಗೇ ತಿರುಗಿರ್ತವೆ,” ಎಂದರು ಮಾವನವರ ಮನೆಯ ಹಜಾರದಲ್ಲಿ, ನಾವೆಲ್ಲ ಸುತ್ತ ಕೂತಿದ್ದಾಗ. “ಗಂಡ ಹೆಂಡತಿ ಎದುರುಬದರು ಕೂರಲ್ಲ. ಅಕ್ಕಪಕ್ಕ ಕೂತು ರಸ್ತೆ ನೋಡ್ತಾರೆ.”

“ರಸ್ತೆಯಲ್ಲಿ ಏನಿರುತ್ತೆ?” ಎಂದು ಮಾವ ಕೇಳಿದರು. ಮಾವ ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಕಾರಣವಿಲ್ಲದೆ ಕಾಯುವುದು ಅವರಿಗೆ ಗೊತ್ತಿತ್ತು, ಹಿಡಿಸುತ್ತಿರಲಿಲ್ಲ.

“ಏನೂ ಇರಲ್ಲ ಮಾವ.”

“ಮತ್ತೆ ಯಾಕೆ ನೋಡ್ತಾರೆ?”

“ಅದೇ ನಾಗರಿಕತೆ.”

“ಬಿಸ್ಟ್ರೋ ಅಂತಾರಲ್ಲ, ಅದೇನು ಭಾವ?” ಎಂದಳು ನನ್ನ ಹೆಂಡತಿ.

“ಬಾಗಿಲಲ್ಲಿ ಕಪ್ಪು ಹಲಗೆ ಇದ್ರೆ ಬಿಸ್ಟ್ರೋ. ಇಲ್ದಿದ್ರೆ ಕೆಫೆ.”

“ಹಾಗಾದ್ರೆ ನಮ್ಮ ಸ್ಕೂಲು?” ಎಂದರು ಮಾವ. ಷಡ್ಡಕರು ಇಂಥ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ.

ಮಾರನೆಯ ಸಂಜೆಯಿಂದ ಅವರು ಅದೇ ಬೀದಿಯಲ್ಲಿದ್ದ ತಮ್ಮ ಮನೆಯ ಜಗಲಿಯಲ್ಲಿ ಕುರ್ಚಿಗಳನ್ನು ರಸ್ತೆಗೆ ಮುಖ ಮಾಡಿ ಹಾಕಿಸಿ, ಅತ್ತಿಗೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಲೋಟ ಕಾಫಿಯನ್ನು ಕತ್ತಲಾಗುವವರೆಗೆ ಕುಡಿಯತೊಡಗಿದರು. ದಾರಿಹೋಕರು ನಿಂತು “ಏನ್ ಸಾರ್, ಯಾರಾದ್ರೂ ಮಂತ್ರಿಗಳು ಬರ್ತಿದಾರಾ?” ಎಂದು ಕೇಳಿದರು. ಎದುರುಮನೆಯ ಟೈಲರು ಯಾವುದಕ್ಕೂ ಇರಲಿ ಎಂದು ತಾನೂ ಕುರ್ಚಿ ತಂದು ಹಾಕಿದ. ಎರಡೂ ಕಡೆಯವರು ಕತ್ತಲಾಗುವ ತನಕ ಒಬ್ಬರನ್ನೊಬ್ಬರು ನೋಡಿಕೊಂಡು ಕೂತು ಒಳಗೆ ಹೋದರು. ಬೀದಿಗೆ ನಾಗರಿಕತೆ ಬಂದದ್ದು ಹೀಗೆ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಮಾವನ ಮೂರನೆಯ ಮಗಳು, ನಾವೆಲ್ಲ ಪುಟ್ಟಿ ಎಂದು ಕರೆಯುವವಳು, ಅದೇ ಹೊತ್ತಿಗೆ ಇನ್ಶೂರೆನ್ಸ್ ಆಫೀಸಿನ ಕೆಲಸ ಬಿಟ್ಟಳು.

ಪುಟ್ಟಿಗೆ ಬೇಕಿಂಗ್ ಹುಚ್ಚು. ಆಫೀಸಿನಿಂದ ಬಂದು ಹಿಟ್ಟು ನಾದುವುದು, ಬೆಣ್ಣೆ ಹಚ್ಚಿ ಮಡಚುವುದು, ಫ್ರಿಜ್ಜಿನಲ್ಲಿಡುವುದು, ಮತ್ತೆ ಮಡಚುವುದು. ಮೊದಮೊದಲು ಅವಳು ಮಾಡಿದ್ದನ್ನು ನಾವು ಬಾಯಲ್ಲಿ ಹೊಗಳಿ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗುತ್ತಿದ್ದೆವು. ಅವಳು ಬಿಡಲಿಲ್ಲ. ಒಂದು ದಿನ ಮನೆಯಲ್ಲಿ ಎಂಥ ಘಮ ಎದ್ದಿತೆಂದರೆ ಯಾರೂ ಕರವಸ್ತ್ರ ತೆಗೆಯಲಿಲ್ಲ. ಆ ರಾತ್ರಿಯೇ ಅವಳು ಮಾವನ ಮುಂದೆ ನಿಂತು, ರಸ್ತೆ ಬದಿಯ ಕೋಣೆಯನ್ನು ಕೊಡಿ, ಫ್ರೆಂಚ್ ಕೆಫೆ ತೆರೆಯುತ್ತೇನೆ ಎಂದಳು.

ಆ ಕೋಣೆಯನ್ನು ಒಬ್ಬ ಟೈರು ವ್ಯಾಪಾರಿ ಬಹಳ ದಿನಗಳಿಂದ ಬಾಡಿಗೆಗೆ ಕೇಳುತ್ತಿದ್ದ. ಮಾವ ಯೋಚಿಸಿ ಹೇಳಿದರು: “ಮಳೆಗಾಲ ಶುರುವಾಗೋವರೆಗೆ ಸಿಗ್ನಲ್ ಕೊಟ್ಟಿದೀನಿ. ಅಷ್ಟರೊಳಗೆ ಗಾಡಿ ಮುಂದಕ್ಕೆ ಹೋಗ್ಬೇಕು. ಇಲ್ಲಾಂದ್ರೆ ರೂಮು ಟೈರಿನವನಿಗೆ, ನೀನು ವಾಪಸ್ ಇನ್ಶೂರೆನ್ಸಿಗೆ.”

“ಆಗ್ಲಿ ಅಪ್ಪ,” ಎಂದಳು ಪುಟ್ಟಿ. ಆ ಆಫೀಸಿನಲ್ಲಿ ಅವಳು ಸತ್ತವರ ಕಾಗದಗಳನ್ನು ಜೋಡಿಸುವ ವಿಭಾಗದಲ್ಲಿದ್ದಳು. ಅಲ್ಲಿಗೆ ವಾಪಸು ಹೋಗುವ ಮಾತೆತ್ತಿದರೇ ಅವಳಿಗೆ ಊಟ ಸೇರುತ್ತಿರಲಿಲ್ಲ.

ಕೆಫೆ ತೆರೆದ ದಿನ ಮಾವ ಬಾಗಿಲಲ್ಲಿ ನಿಂತು ತಮ್ಮ ಹಳೆಯ ಹಸಿರು ಬಾವುಟ ಬೀಸಿದರು. ಬೀದಿಯವರೆಲ್ಲ ಬಂದಿದ್ದರು: ಟೈಲರು, ಮೂಲೆಮನೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ ಮೇಡಂ, ಔಷಧದ ಅಂಗಡಿಯವರು. ಗಾಜಿನ ಪೆಟ್ಟಿಗೆಯಲ್ಲಿ ಕೆನೆ ತುಂಬಿದ ಉದ್ದನೆಯ ಎಕ್ಲೇರುಗಳು, ಹಣ್ಣಿಟ್ಟ ಟಾರ್ಟುಗಳು, ಮಧ್ಯದಲ್ಲಿ ಹೊಂಬಣ್ಣಕ್ಕೆ ಉಬ್ಬಿ ನಿಂತ ಕ್ರೊಸಾನುಗಳ ರಾಶಿ. ಯಾರೂ ಮುಟ್ಟಲಿಲ್ಲ. ಫ್ರಾನ್ಸಿಗೆ ಹೋಗಿಬಂದವರು ಇರುವಾಗ ಮೊದಲು ಬಾಯಿ ಹಾಕುವುದು ಹೇಗೆ?

“ದೊಡ್ಡ ಭಾವ, ನೀವೇ ನೋಡಿ ಹೇಳಿ,” ಎಂದು ಪುಟ್ಟಿ ತಟ್ಟೆ ಮುಂದಿಟ್ಟಳು.

ಷಡ್ಡಕರು ಕ್ರೊಸಾನನ್ನು ಎತ್ತಿದರು. ಎತ್ತಿದ ಕೂಡಲೇ ಅವರ ಹುಬ್ಬು ಗಂಟಾಯಿತು. ಕಣ್ಣಿಗೆ ಇಷ್ಟು ದೊಡ್ಡದು, ಕೈಗೆ ಇಷ್ಟು ಹಗುರ! ವೃತ್ತಿಜೀವನದಲ್ಲಿ ಅವರು ಇಂಥದ್ದನ್ನು ಬಹಳ ನೋಡಿದ್ದರು. ಒಳಗೆ ಟೊಳ್ಳು ಮಾಡಿದ ತೂಕದ ಕಲ್ಲು, ತಳ ಎತ್ತರಿಸಿದ ಹಾಲಿನ ಅಳತೆ, ಅರ್ಧ ತುಂಬಿದ ಬಿಸ್ಕತ್ತಿನ ಪೊಟ್ಟಣ. ಚಾಕು ಕೇಳಿದರು. ಅಡ್ಡಕ್ಕೆ ಕೊಯ್ದರು. ಒಳಗೆಲ್ಲ ಜೇನುಗೂಡಿನ ಹಾಗೆ ತೂತುಗಳು.

ಎಲ್ಲರ ಕತ್ತೂ ಮುಂದಕ್ಕೆ ಬಗ್ಗಿತು.

“ಪುಟ್ಟಿ, ಇದರಲ್ಲಿ ಗಾಳಿ ಇದೆ.”

“ಹೌದು ಭಾವ!” ಎಂದಳು ಪುಟ್ಟಿ, ಹಿಗ್ಗಿನಿಂದ. ಆ ಗಾಳಿಗಾಗಿ ಅವಳು ಎಷ್ಟು ನಿದ್ದೆ ಕೆಟ್ಟಿದ್ದಳೋ.

“ಒಪ್ಕೊಂಡ್ಯಲ್ಲ, ಅದು ಒಳ್ಳೇದು. ಆದ್ರೆ ಇದು ಕ್ರೊಸಾನ್ ಅಲ್ಲ. ಫ್ರಾನ್ಸಿಂದು ಗಟ್ಟಿಯಾಗಿರುತ್ತೆ. ಚಪ್ಪಟೆಯಾಗಿರುತ್ತೆ. ಗಾಳಿಗೆ ಜಾಗಾನೇ ಇರಲ್ಲ.”

“ಪುಸ್ತಕದಲ್ಲಿ ಹೀಗೇ ಇರ್ಬೇಕು ಅಂತ ಬರ್ದಿದೆ ಭಾವ.”

“ಪುಸ್ತಕ ಬರೆದವರು ಫ್ರಾನ್ಸಿಗೆ ಹೋಗಿದ್ರಾ?”

“ಅವರು ಫ್ರಾನ್ಸಿನವರೇ.”

“ಹಾಗಾದ್ರೆ ಹೊರಗಿನವರಿಗೆ ಗುಟ್ಟು ಬಿಟ್ಟುಕೊಟ್ಟಿಲ್ಲ,” ಎಂದು ಷಡ್ಡಕರು ಚಾಕುವನ್ನು ಒರೆಸಿ ಕೆಳಗಿಟ್ಟರು. ಅವರ ಮನಸ್ಸಿನಲ್ಲಿ ಕೇಡಿರಲಿಲ್ಲ. ನಾದಿನಿಯ ಅಂಗಡಿ ಮೊದಲ ದಿನವೇ ಸರಿದಾರಿಗೆ ಬರಲಿ ಎಂಬ ಕಾಳಜಿ ಅಷ್ಟೇ. ಅಂಥ ಕಾಳಜಿಯಿಂದ ಆದ ಅನಾಹುತಗಳನ್ನು ಲೆಕ್ಕ ಹಾಕಲು ಬೇರೆ ಇಲಾಖೆಯೇ ಬೇಕು.

ಬೀದಿಯವರು ಒಬ್ಬೊಬ್ಬರೇ ನೀರು ಕುಡಿದು ಹೊರಟರು. ಬಾಗಿಲು ದಾಟುವಾಗ ಸುದ್ದಿ ಹೀಗಿತ್ತು: ಕ್ರೊಸಾನಿನಲ್ಲಿ ಗಾಳಿ ಇದೆಯಂತೆ. ಟೈಲರನ ಅಂಗಡಿ ತಲುಪುವಾಗ: ಗಾಳಿ ತುಂಬಿ ಮಾರುತ್ತಿದ್ದಾರಂತೆ. ಮಾರ್ಕೆಟ್ಟಿಗೆ ಬರುವಷ್ಟರಲ್ಲಿ ಇನ್ಸ್‌ಪೆಕ್ಟರು ನಾದಿನಿಯ ಅಂಗಡಿಯ ಮೇಲೆ ದಾಳಿ ಮಾಡಿ ಮಾಲನ್ನು ಅಲ್ಲೇ ಕೊಯ್ದು ಹಾಕಿದ್ದರು. ನನ್ನ ಅಂಗಡಿಗೆ ಕನ್ನಡಕ ಬದಲಾಯಿಸಲು ಬಂದ ಬೇಕರಿಯ ಯಜಮಾನ ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದ: “ಸ್ವಂತ ನಾದಿನಿಯನ್ನೇ ಬಿಡ್ಲಿಲ್ಲ ಅಂದ್ಮೇಲೆ ನಮ್ಮ ಗತಿ ಏನ್ ಸಾರ್?”

“ನಿಮ್ಮ ಬನ್ನಲ್ಲಿ ತೂತಿದೆಯಾ?” ಎಂದೆ.

“ಬನ್ನು ಅಂದ್ಮೇಲೆ ಸ್ವಲ್ಪ ಇರ್ತವಲ್ಲ ಸಾರ್…”

ಆ ವಾರದಿಂದ ಇಡೀ ಮಾರ್ಕೆಟ್ಟಿನ ಬನ್ನುಗಳು ಗಟ್ಟಿಯಾದವು. ಬ್ರೆಡ್ಡು ಕೊಯ್ಯಲು ಎರಡು ಕೈ ಬೇಕಾಯಿತು. ಔಷಧದ ಅಂಗಡಿಯಲ್ಲಿ ಹಲ್ಲುನೋವಿನ ಮಾತ್ರೆ ಖಾಲಿಯಾಯಿತು ಎಂದು ಅವರೇ ನನಗೆ ಸಂತೋಷದಿಂದ ಹೇಳಿದರು.

ಪುಟ್ಟಿಯ ಕೆಫೆಗೆ ಮಾತ್ರ ಯಾರೂ ಬರಲಿಲ್ಲ. ಬಂದವರು ಕೊಳ್ಳಲಿಲ್ಲ, ಬಗ್ಗಿ ನೋಡಿದರು. ಮುಖ್ಯೋಪಾಧ್ಯಾಯಿನಿ ಮೇಡಂ ಒಂದು ಎಕ್ಲೇರನ್ನು ಬೆರಳಿನಿಂದ ತಟ್ಟಿ ಶಬ್ದ ಕೇಳಿದರು. ನಗರಸಭೆಯ ಆರೋಗ್ಯಾಧಿಕಾರಿ ಬಂದು “ಒಳಗಿರೋ ಗಾಳಿ ಎಲ್ಲಿಂದ ತರಿಸ್ತೀರಿ?” ಎಂದು ವಿಚಾರಿಸಿದರು. ಟೈರು ವ್ಯಾಪಾರಿ ಟೇಪು ಹಿಡಿದು ಬಂದು, ಪುಟ್ಟಿಯ ಎದುರಿಗೇ ಕೋಣೆಯ ಅಗಲ ಅಳೆಯತೊಡಗಿದ. ಆಗ ಅಲ್ಲಿದ್ದ ಷಡ್ಡಕರು ಸಿಡಿದು ಎದ್ದರು.

“ಏನ್ರೀ ಇದು ಅನ್ಯಾಯ!” ಎಂದರು. ಪುಟ್ಟಿಯ ಕಣ್ಣಲ್ಲಿ ಆಸೆ ಮೂಡಿತು. “ಈ ಟೇಪಿಗೆ ಇಲಾಖೆಯ ಮುದ್ರೆನೇ ಇಲ್ಲ! ಮುದ್ರೆ ಇರೋದು ತಂದು ಅಳೀರಿ.”

ಕೊನೆಗೆ ಪುಟ್ಟಿ ಸೋತಳು. ಟೈಲರನಿಂದ ಇಸ್ತ್ರಿಪೆಟ್ಟಿಗೆ ತರಿಸಿ, ಸುಟ್ಟ ಕ್ರೊಸಾನುಗಳ ಮೇಲೆ ಬಟ್ಟೆ ಹಾಸಿ, ಹಲ್ಲು ಕಚ್ಚಿಕೊಂಡು ಒತ್ತಿದಳು. ನಾನು ಪಕ್ಕದಲ್ಲಿದ್ದೆ. ಸಾಕಿದ ಮೊಲದ ಮೇಲೆ ಕಾಲಿಡುವವಳ ಮುಖವಿತ್ತು ಅವಳಿಗೆ. ಷಡ್ಡಕರು ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು.

“ಇದೇ! ಇದೇ ರುಚಿ! ತಿಂತಿದ್ರೆ ಮೋಡದ ಮೇಲೆ ಕೂತ ಹಾಗಿದೆ.”

ಮಾವನೂ ಒಂದು ತುಂಡು ಕಡಿದರು. ಟಕ್ ಎಂದು ಶಬ್ದವಾಯಿತು. ಮಾವ ಬಾಯಿಗೆ ಕೈ ಹಾಕಿ ಹಲ್ಲಿನ ಸೆಟ್ಟನ್ನು ತೆಗೆದರು. ಅದು ಎರಡು ಭಾಗವಾಗಿ ಬಂತು. ಏನೂ ಮಾತಾಡದೆ ಒಳಗೆ ಹೋಗಿ ಕೆಂಪು ಬಾವುಟ ತಂದು ಮೇಜಿನ ಮೇಲಿಟ್ಟರು. ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು, ಮಳೆಗಾಲಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ.

ಇತ್ತ ಇಲಾಖೆಯ ದೊಡ್ಡ ಸಾಹೇಬರ ಕಿವಿಗೆ ಸುದ್ದಿ ಬಿತ್ತು. ಸ್ವಂತ ಸಂಬಂಧಿಕರನ್ನೂ ಲೆಕ್ಕಿಸದ ಅಧಿಕಾರಿ! ಮಾರ್ಕೆಟ್ಟಿನಲ್ಲಿ ಬನ್ನಿನ ತೂಕ ತಾನಾಗಿ ಏರಿದೆ! ಅವರು ಕೂಡಲೇ ಒಂದು ಅಭಿನಂದನಾ ಸಮಾರಂಭ ಏರ್ಪಡಿಸಿದರು. ನಮ್ಮ ಕುಟುಂಬಕ್ಕೆ ಮುಂದಿನ ಸಾಲು. ಅತ್ತಿಗೆ ಎಲ್ಲರನ್ನೂ ಎಳೆದುಕೊಂಡು ಹೋದರು. ಪುಟ್ಟಿಯೂ ಬಂದಳು, ಯಾರ ಕಡೆಗೂ ನೋಡದೆ ಕೂತಳು.

ದೊಡ್ಡ ಸಾಹೇಬರು ಮಾತಾಡಿದರು. ವರ್ತಕರ ಸಂಘದ ಅಧ್ಯಕ್ಷರು ಹೆದರಿಕೊಂಡೇ ಹೊಗಳಿದರು. ಆಮೇಲೆ ದೀಪ ಆರಿಸಿ, ಫ್ರಾನ್ಸಿನ ತರಬೇತಿ ಸಂಸ್ಥೆ ಕಳಿಸಿದ್ದ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದರು. ಷಡ್ಡಕರು ತಕ್ಕಡಿಯ ಪಕ್ಕದಲ್ಲಿ. ಷಡ್ಡಕರು ಇನ್ನೊಂದು ತಕ್ಕಡಿಯ ಪಕ್ಕದಲ್ಲಿ. ಷಡ್ಡಕರು ಬಸ್ಸಿನ ಕಿಟಕಿಯಲ್ಲಿ. ಆಮೇಲೆ ಬೀಳ್ಕೊಡುಗೆಯ ಟೀ ಮೇಜು. ಮೇಜಿನ ತುಂಬ ಉಬ್ಬಿದ ಕ್ರೊಸಾನುಗಳು. ತರಬೇತಿಯ ಹೆಂಗಸು ಒಂದನ್ನು ಮುರಿದು ಹೆಮ್ಮೆಯಿಂದ ಕ್ಯಾಮೆರಾಕ್ಕೆ ತೋರಿಸುತ್ತಿದ್ದರು. ಒಳಗಿನ ಒಂದೊಂದು ತೂತೂ ಕೊನೆಯ ಬೆಂಚಿನವರಿಗೂ ಕಾಣುವಷ್ಟು ದೊಡ್ಡದಾಗಿತ್ತು. ಹಿಂದೆ, ಮೂಲೆಯಲ್ಲಿ, ನಮ್ಮ ಷಡ್ಡಕರು ಅತ್ತ ಬೆನ್ನು ಮಾಡಿ ತೂಕದ ಕಲ್ಲುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು.

ದೀಪ ಹತ್ತಿದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ. ಮೊದಲು ಪರದೆಯನ್ನು, ಆಮೇಲೆ ಪುಟ್ಟಿಯನ್ನು ನೋಡಿದರು. ಇಲ್ಲಿ ನಾನು ಅವರನ್ನು ಮೆಚ್ಚಲೇಬೇಕು, ಷಡ್ಡಕನಾಗಿದ್ದರೂ. ಅವರು ಪ್ರಶಸ್ತಿಪತ್ರವನ್ನು ಕುರ್ಚಿಯ ಮೇಲಿಟ್ಟು ಮೈಕಿನ ಮುಂದೆ ನಿಂತರು.

“ಕ್ರೊಸಾನಿನಲ್ಲಿ ತೂತು ಇರ್ಬೇಕು. ನನ್ನ ನಾದಿನಿ ಮಾಡಿದ್ದು ಸರಿ. ತಪ್ಪು ನಂದು. ನಾನು ಫ್ರಾನ್ಸಿನಲ್ಲಿ ಯಾವ ಕೆಫೆಗೂ ಹೋಗಿಲ್ಲ.”

ನನ್ನ ಹಿಂದಿನ ಸಾಲಿನಲ್ಲಿ ಯಾರೋ ಲೊಚಗುಟ್ಟಿದರು. “ಪಾಪ. ಹೆಂಡತಿ ಮನೆಯವರು ಮುಂದಿನ ಸಾಲಲ್ಲೇ ಬಂದು ಕೂತಿದಾರೆ ನೋಡಿ. ಮನುಷ್ಯ ಇನ್ನೇನ್ ಹೇಳ್ತಾನೆ?”

“ಎಷ್ಟು ಒತ್ತಡ ಹಾಕಿರ್ಬೇಡ!” ಎಂದರು ಇನ್ನೊಬ್ಬರು. ಮಾವ ತಿರುಗಿ ನೋಡಿದರು. ಹಲ್ಲಿಲ್ಲದ್ದರಿಂದ ಏನೂ ಅನ್ನಲಾಗಲಿಲ್ಲ.

ದೊಡ್ಡ ಸಾಹೇಬರು ಮೈಕು ತೆಗೆದುಕೊಂಡರು. “ಇದು ಇವರ ದೊಡ್ಡತನ. ಆದರೆ ಸಾಕ್ಷಿ ನಮ್ಮ ಕಣ್ಣೆದುರಿಗೇ ಇದೆ. ಫ್ರಾನ್ಸಿನಲ್ಲೂ ಈ ಮೋಸ ನಡೀತಿದೆ ಅನ್ನೋದನ್ನ ಚಿತ್ರಸಮೇತ ನೋಡಿದ್ದೀವಿ. ಅಂಥ ಮೇಜಿಗೆ ಬೆನ್ನು ಹಾಕಿ ನಿಂತ ಒಬ್ಬನೇ ಒಬ್ಬ ಅಧಿಕಾರಿ ನಮ್ಮ ಇಲಾಖೆಯವರು!” ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಷಡ್ಡಕರು ಮತ್ತೆ ಬಾಯಿ ತೆರೆದರು, ಅದಕ್ಕೂ ಚಪ್ಪಾಳೆ ತಟ್ಟಿದರು.

ಮನೆಗೆ ಬಂದಾಗ ಪುಟ್ಟಿ ನೇರವಾಗಿ ಕೆಫೆಯ ಅಡುಗೆಕೋಣೆಗೆ ಹೋಗಿ ಪಾತ್ರೆಗಳನ್ನು ಡಬ್ಬಕ್ಕೆ ತುಂಬತೊಡಗಿದಳು. ಷಡ್ಡಕರು ಬಾಗಿಲಲ್ಲಿ ನಿಂತರು. ಒಳಗೆ ಬರಲಿಲ್ಲ. ನಾನು ಅವರ ಹಿಂದೆ ನಿಂತೆ, ಏನು ಮಾಡುವುದೆಂದು ತಿಳಿಯದೆ.

“ಒಂದು ವಾರ ಇದ್ರಲ್ಲ ಭಾವ,” ಎಂದಳು ಅವಳು, ಡಬ್ಬದ ಕಡೆಗೇ ನೋಡುತ್ತ. “ಬೀದಿಗೊಂದು ಕೆಫೆ ಇರೋ ಊರಲ್ಲಿ. ನಾನು ಜೀವಮಾನದಲ್ಲಿ ಅಲ್ಲಿಗೆ ಹೋಗ್ತೀನೋ ಇಲ್ವೋ. ಒಂದು ಸಲ, ಒಂದೇ ಸಲ, ಒಳಗೆ ಹೋಗೋಕೆ ಏನಾಗಿತ್ತು ನಿಮಗೆ?”

ಷಡ್ಡಕರು ಬಾಗಿಲ ಚೌಕಟ್ಟಿಗೆ ಒರಗಿದರು.

“ಹೋಗಿದ್ದೆ ಪುಟ್ಟಿ. ಬಾಗಿಲವರೆಗೆ. ಹಿಡಿ ಮೇಲೆ ಕೈ ಇಟ್ಟೆ. ಒಳಗೆ ಎಲ್ರೂ ನಗ್ತಾ ಕೂತಿದ್ರು. ನಾನು ಹೋದ್ರೆ ಎದ್ದು ನಿಂತ್ಬಿಡ್ತಾರೇನೋ ಅನ್ನಿಸ್ತು. ಅಲ್ಲಿ ನನ್ನನ್ನ ಯಾರಿಗೂ ಗೊತ್ತಿಲ್ಲ ಅಂತ ಗೊತ್ತಿತ್ತು. ಆದ್ರೂ ಅನ್ನಿಸ್ತು.” ಅವರು ಅಂಗೈ ನೋಡಿಕೊಂಡರು. “ಅಂಗಡಿಗೆ ಹೋಗಿ ಸುಮ್ನೆ ಏನಾದ್ರೂ ಕೊಳ್ಳೋದು ಹೇಗೆ ಅಂತಾನೇ ನನಗೆ ಮರ್ತುಹೋಗಿದೆ. ವಾಪಸ್ ಬಂದು ಬಸ್ಸಲ್ಲಿ ಕೂತೆ.”

ಪುಟ್ಟಿಯ ಕೈ ನಿಂತಿತು. ಅವಳು ಅವರನ್ನು ಆಪಾದಮಸ್ತಕ ನೋಡಿದಳು. ಅಯ್ಯೋ ಅನ್ನಿಸಿತೋ ಏನೋ, ಮುಖ ಮೆತ್ತಗಾಯಿತು. ಆದರೆ ಅದರ ಹಿಂದೆಯೇ ಸಿಟ್ಟು ಬಂತು, ಸಿಟ್ಟಿನ ಹಿಂದೆ ಬೇರೆ ಏನೋ ಹೊಳೆಯಿತು.

“ಗಾಳಿ ಮಾರ್ತೀನಿ ಅಂದ್ರಿ ಅಲ್ವಾ?” ಎಂದಳು. “ಸರಿ. ಗಾಳಿ ಬಿಟ್ಟು ಮಾರ್ತೀನಿ. ನಾಳೆ ಬೆಳಿಗ್ಗೆ ನನಗೊಂದು ತಕ್ಕಡಿ ಬೇಕು. ಇಲಾಖೆ ಮುದ್ರೆ ಇರೋದು. ನೀವೇ ಪರೀಕ್ಷೆ ಮಾಡಿ ತಂದಿಡಿ.”

ಮಾರನೆಯ ದಿನ ಕೆಫೆಯ ಬಾಗಿಲಲ್ಲಿ ಒಂದು ಕಪ್ಪು ಹಲಗೆ ಬಂತು. ಅದರ ಮೇಲೆ ಹೀಗೆ ಬರೆದಿತ್ತು: ಇಲ್ಲಿ ಕ್ರೊಸಾನ್ ಬಿಡಿಯಾಗಿ ಮಾರುವುದಿಲ್ಲ, ತೂಗಿ ಮಾರುತ್ತೇವೆ. ಒಳಗಿನ ಗಾಳಿಗೆ ದುಡ್ಡಿಲ್ಲ.

ಮೊದಲು ಬಂದವರು ಮುಖ್ಯೋಪಾಧ್ಯಾಯಿನಿ ಮೇಡಂ. ಹಲಗೆಯನ್ನು ಎರಡು ಸಲ ಓದಿದರು, ಕಾಗುಣಿತ ಸರಿಯಿತ್ತು. ಒಳಗೆ ಬಂದು ಯೋಚಿಸಿದರು. ತೂಕಕ್ಕಷ್ಟೇ ದುಡ್ಡು ಅಂದರೆ, ಇರುವುದರಲ್ಲಿ ದೊಡ್ಡದು ಮತ್ತು ಹಗುರವಾದದ್ದು ಯಾವುದೋ ಅದರಲ್ಲೇ ಲಾಭ.

“ಒಳಗೆ ತೂತು ಜಾಸ್ತಿ ಇರೋದು ಯಾವುದಮ್ಮ?” ಎಂದು ಕೇಳಿದರು.

“ಎಲ್ಲದರಲ್ಲೂ ಇದೆ ಮೇಡಂ.”

“ಅದು ನನಗೂ ಗೊತ್ತು. ಜಾಸ್ತಿ ಯಾವುದರಲ್ಲಿ ಅಂದೆ.”

ಅವರು ಒಂದು ಕ್ರೊಸಾನ್ ತೂಗಿಸಿಕೊಂಡು, ಅಲ್ಲೇ ಮುರಿದು, ಒಳಗಿನ ತೂತುಗಳನ್ನು ಕಂಡು, ಇಡೀ ಬೀದಿಗೆ ಮೋಸ ಮಾಡಿ ಗೆದ್ದವರಂತೆ ಹೊರಟರು. ಟೈಲರು ಓಡಿಬಂದ. “ಮೇಡಮ್ಮಿಗೆ ಕೊಟ್ಟದ್ದಕ್ಕಿಂತ ತೂತಿರೋದು ಕೊಡಮ್ಮ. ನಾವೇನು ಪರಕೀಯರಾ?” ಔಷಧದ ಅಂಗಡಿಯವರು ಮನೆಮಂದಿಗೆಲ್ಲ ಒಯ್ದರು. ಸಂಜೆಯೊಳಗೆ, ಗಾಳಿ ಇದೆ ಎಂದು ಮೂಗು ಮುರಿದಿದ್ದವರೆಲ್ಲ ಗಾಳಿ ಪುಕ್ಕಟೆ ಸಿಗುತ್ತದೆಂದು ಮುಗಿಬಿದ್ದರು. ತಿಂದ ಮೇಲೆ ರುಚಿಯೂ ಇದೆ ಎಂಬುದು ಅವರ ಗಮನಕ್ಕೆ ಬಂತು. ಅದನ್ನು ಅವರು ತಮ್ಮ ಜಾಣತನದ ಲೆಕ್ಕಕ್ಕೆ ಸೇರಿಸಿಕೊಂಡರು.

ಟೈರು ವ್ಯಾಪಾರಿಯೂ ಬಂದ, ಟೇಪು ತರದೆ. ಎರಡು ತಿಂದ ಮೇಲೆ ಕೈ ಒರೆಸಿಕೊಳ್ಳುತ್ತ ಮಾವನಿಗೆ ಹೇಳಿದ: “ರೂಮು ಇವರಿಗೇ ಇರ್ಲಿ ಬಿಡಿ ಸ್ವಾಮಿ. ಗಾಳಿ ಬೆಲೆ ನಮಗೆ ಗೊತ್ತು. ನಮ್ಮ ವ್ಯಾಪಾರ ನಿಂತಿರೋದೇ ಅದರ ಮೇಲೆ.”

ಮಳೆಗಾಲ ಶುರುವಾಯಿತು. ಮಾವ ಆಕಾಶ ನೋಡಿದರು, ಕೆಫೆಯ ಬಾಗಿಲಿನಿಂದ ರಸ್ತೆಯವರೆಗೆ ಕೊಡೆ ಹಿಡಿದು ನಿಂತ ಸಾಲನ್ನು ನೋಡಿದರು, ಹೊಸ ಹಲ್ಲಿನ ಸೆಟ್ಟು ಹಾಕಿಕೊಂಡು ತಾವೂ ಸಾಲಿನಲ್ಲಿ ನಿಂತರು. ಇನ್ಶೂರೆನ್ಸಿನ ಮಾತು ಮತ್ತೆ ಆ ಮನೆಯಲ್ಲಿ ಬರಲಿಲ್ಲ.

ಅಂಥ ಒಂದು ಸಂಜೆ ನಾನೂ ಆ ಸಾಲಿನಲ್ಲಿದ್ದೆ, ಕೌಂಟರಿನ ಹತ್ತಿರ. ಷಡ್ಡಕರ ಸ್ಕೂಟರು ಬಂದು ನಿಂತಿತು. ತಕ್ಕಡಿ ತಂದಿಟ್ಟ ದಿನದಿಂದ ಅವರು ಕೆಫೆಯ ಒಳಗೆ ಬಂದಿರಲಿಲ್ಲ. ರೂಢಿಯಂತೆ ನೇರವಾಗಿ ಕೌಂಟರಿನ ಮುಂದಕ್ಕೆ ನಡೆದರು. ಬೇರೆ ಯಾವ ಅಂಗಡಿಯಲ್ಲಾದರೂ ಜನ ಸರಿದು ದಾರಿ ಬಿಡುತ್ತಿದ್ದರು. ಇಲ್ಲಿ ಎಲ್ಲರ ಕಣ್ಣೂ ತಟ್ಟೆಯ ಮೇಲಿತ್ತು.

“ರೀ, ಸಾಲಲ್ಲಿ ಬನ್ರೀ!” ಎಂದರು ಮುಖ್ಯೋಪಾಧ್ಯಾಯಿನಿ ಮೇಡಂ, ತಿರುಗಿಯೂ ನೋಡದೆ.

ಯಾರಿಗೆ ಹೇಳಿದರೆಂದು ಷಡ್ಡಕರು ಹಿಂದೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ. ಅವರು ಸದ್ದಿಲ್ಲದೆ ಹೋಗಿ ಮಳೆಯಲ್ಲಿ, ಸಾಲಿನ ಕೊನೆಯಲ್ಲಿ ನಿಂತರು. ನಾನು ನನ್ನ ಪೊಟ್ಟಣ ತೆಗೆದುಕೊಂಡು ಹೋಗದೆ ಪಕ್ಕದಲ್ಲೇ ಉಳಿದೆ. ಸಾಲು ಮುಂದೆ ಬಂದಷ್ಟೂ ಅವರ ಮುಖ ಅರಳುತ್ತಿತ್ತು. ಹಿಂದೆ ನಿಂತವರೊಬ್ಬರು ಅವರನ್ನು ಮೊಣಕೈಯಿಂದ ತಿವಿದು ಮುಂದೆ ಹೋಗಿ ಎಂದರು. ಅದಕ್ಕೆ ಅವರು ಥ್ಯಾಂಕ್ಸ್ ಹೇಳಿದರು.

“ಏನ್ ಕೊಡ್ಲಿ ಸಾರ್?” ಎಂದಳು ಪುಟ್ಟಿ.

ಅವರು ಗಾಜಿನ ಪೆಟ್ಟಿಗೆಯ ಈ ತುದಿಯಿಂದ ಆ ತುದಿಯವರೆಗೆ ನೋಡಿದರು. “ಒಂದು ಕ್ರೊಸಾನ್,” ಎಂದರು ಕೊನೆಗೆ. “ನೀನೇ ನೋಡಿ ಕೊಡಮ್ಮ.”

ಪುಟ್ಟಿ ತಟ್ಟೆಯ ಮೇಲೆಲ್ಲ ಕೈಯಾಡಿಸಿ, ಬಹಳ ಹುಡುಕಿ ಒಂದನ್ನು ಆರಿಸಿ ತಕ್ಕಡಿಯ ಮೇಲಿಟ್ಟಳು. ಷಡ್ಡಕರು ಅಭ್ಯಾಸಬಲದಿಂದ ತಕ್ಕಡಿಯ ಅಂಕಿಯ ಕಡೆಗೆ ಬಗ್ಗಿದರು. ಪುಟ್ಟಿ ಅವರಿಗೆ ಕಾಣದಂತೆ ಅಂಕಿಗೆ ಅಂಗೈ ಅಡ್ಡ ಹಿಡಿದಳು.

“ನೋಡ್ಬೇಡಿ ಭಾವ. ತಗೊಳ್ಳಿ.”

ಅವರು ನೆಟ್ಟಗಾಗಿ ರಸ್ತೆಯ ಕಡೆಗೆ ಮುಖ ತಿರುಗಿಸಿ, ಕೈ ಮಾತ್ರ ಚಾಚಿ ಅದನ್ನು ತೆಗೆದುಕೊಂಡರು.

ನಾನು ನಿಂತಿದ್ದ ಜಾಗದಿಂದ ಅಂಕಿ ಕಾಣುತ್ತಿತ್ತು. ಅವಳು ಆ ಕೌಂಟರಿನಲ್ಲಿ ಅದುವರೆಗೆ ಅಷ್ಟು ಹಗುರವಾದ ಕ್ರೊಸಾನನ್ನು ಯಾರಿಗೂ ಕೊಟ್ಟಿರಲಿಲ್ಲ.